ಗೆಸೀನ ಬೊಡೆಯ ಫೋಟೊ

ವೇಸರ್ ನದಿ ದಂಡೆಯ ಆ ಸಣ್ಣ ಊರಿನಲ್ಲಿ ಇಬ್ಬರು ಫ್ರಾವ್ ಬೊಡೆಯರು, ಅಂದರೆ ಶ್ರೀಮತಿ ಬೊಡೆಯರು, ಇದ್ದರು. ಒಬ್ಬಳು ಸೂಲಗಿತ್ತಿ ಗೆಸೀನ, ಇನ್ನೊಬ್ಬಳು ಹೊಲಿಗೆ ಅಂಗಡಿಯ ರೋಸ್ವೀಟ. ಮನೆ ಬೆಚ್ಚಗಿಡುವ ಹೆಂಚಿನ ಒಲೆ ಕಟ್ಟುವ ಮೇಸ್ತ್ರಿ ಎಕಾರ್ಟ್ ಬೊಡೆಗೆ ಗೆಸೀನ ಬಿಟ್ಟುಹೋದ ಹೆಂಡತಿ, ರೋಸ್ವೀಟ ಆಮೇಲೆ ಕಟ್ಟಿಕೊಂಡವಳು. ಗೆಸೀನ ಗಂಡನನ್ನು ಬಿಟ್ಟಳೇ ಹೊರತು ಅವನ ಮನೆತನದ ಹೆಸರನ್ನು ಬಿಡಲಿಲ್ಲ. ಊರಿನ ಅರ್ಧಕ್ಕರ್ಧ ಮಕ್ಕಳು ಆ ಹೆಸರಿನವಳ ಕೈಯಲ್ಲೇ ಹುಟ್ಟಿದ್ದವು. ಈಗ ಬದಲಾಯಿಸಿದರೆ ಬಸುರಿಯರು ಯಾರನ್ನು ಹುಡುಕಿಕೊಂಡು ಬರಬೇಕು ಎಂಬುದು ಅವಳ ವಾದ. ವಾದ ಸರಿಯಾಗಿಯೇ ಇತ್ತು. ಆದರೆ ರೋಸ್ವೀಟ ಅಂಗಡಿಯ ಫೋನೆತ್ತಿ "ಬೊಡೆ" ಎಂದ ಕೂಡಲೇ ಆ ಕಡೆಯಿಂದ ಯಾವನೋ ಗಂಡಸು, "ಫ್ರಾವ್ ಬೊಡೆ, ನೋವು ಶುರುವಾಗಿದೆ, ಬೇಗ ಬನ್ನಿ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. "ನಾನು ಆ ಬೊಡೆ ಅಲ್ಲ" ಎನ್ನುತ್ತಲೇ ರೋಸ್ವೀಟ ಆರು ವರ್ಷ ಕಳೆದಿದ್ದಳು.

ಹೊಟ್ಟೆಕಿಚ್ಚು ತನ್ನಲ್ಲಿ ಇದೆ ಎಂದು ಅವಳು ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ. ಬೀದಿಯಲ್ಲಿ ಗೆಸೀನ ಎದುರಾದರೆ ಚೆನ್ನಾಗಿಯೇ ಮಾತಾಡಿಸುತ್ತಿದ್ದಳು. ಆದರೆ ಅಂದು ಗೆಸೀನ ಹಾಕಿದ್ದ ಕೋಟಿನ ಹೊಲಿಗೆ ಎಲ್ಲೆಲ್ಲಿ ಬಿಟ್ಟಿತ್ತು ಎಂಬುದು ಅವಳಿಗೆ ಮಲಗುವ ತನಕ ನೆನಪಿರುತ್ತಿತ್ತು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ತಿಂಡಿಗೆ ಕೂತಿದ್ದಾಗ ಎಕಾರ್ಟನ ಹೆಸರಿಗೆ ಜಿಲ್ಲಾ ಕಚೇರಿಯಿಂದ ಒಂದು ಲಕೋಟೆ ಬಂತು. ಅವನು ಬೆಣ್ಣೆಚಾಕುವಿನಿಂದಲೇ ಅದನ್ನು ಸೀಳಿ, ಒಳಗಿನ ಹಾಳೆಯನ್ನು ಮುಖದ ಒಂದು ಪಕ್ಕಕ್ಕೆ ಹಿಡಿದು ನೋಡಿ, ಮಡಿಸಿ ಜೇಬಿಗೆ ಹಾಕಲು ಹೊರಟ.

"ಏನದು?" ಎಂದಳು ರೋಸ್ವೀಟ.

"ಏನಿಲ್ಲ. ಕ್ಯಾಮೆರಾ ಹೊಡೆದಿದೆ. ಸ್ಪೀಡು."

"ನಿನ್ನನ್ನಾ? ಇರುವೆಗೂ ದಾರಿ ಬಿಟ್ಟು ಓಡಿಸೋನು ನೀನು. ಕೊಡು ಇಲ್ಲಿ."

ಅವನು ಕೊಡಲಿಲ್ಲ, ಬಚ್ಚಿಡಲೂ ಇಲ್ಲ. ಅವಳೇ ಅವನ ಕೈಯಿಂದ ಬಿಡಿಸಿಕೊಂಡಳು. ಸೆಪ್ಟೆಂಬರಿನ ಒಂದು ಶುಕ್ರವಾರ, ಗೊಟ್ಟಿಂಗನ್ ದಾರಿಯ ಒಂದು ಹಳ್ಳಿಯೊಳಗೆ, ಐವತ್ತರ ಮಿತಿಯಲ್ಲಿ ಎಂಬತ್ತಾರಕ್ಕೆ ಓಡಿದೆ ಅವರ ನೀಲಿ ಕಾರು. ಕಾರಿನ ಮಾಲೀಕರು ಗಂಡಸು, ಫೋಟೊದಲ್ಲಿರುವುದು ಹೆಂಗಸು. ಆದ್ದರಿಂದ ಮಾಲೀಕರು ಆರೋಪಿಯಲ್ಲ, ಬರೀ ಸಾಕ್ಷಿ. ಓಡಿಸಿದವರ ಹೆಸರು, ವಿಳಾಸ ತಿಳಿಸಬೇಕು ಎಂದು ಕಚೇರಿ ಕೇಳಿತ್ತು.

ಫೋಟೊ ಬೆಂಕಿಪೆಟ್ಟಿಗೆಯಷ್ಟಿತ್ತು, ಕಪ್ಪು ಬಿಳುಪು. ಗಿಡ್ಡ ಕೂದಲು, ದಪ್ಪ ಕತ್ತು, ಸ್ಟೀರಿಂಗಿನ ಮೇಲೆ ಚಾಚಿದ ಎರಡು ಕೈ. ರೋಸ್ವೀಟಳಿಗೆ ಎರಡನೇ ಸಲ ನೋಡಬೇಕಾಗಲಿಲ್ಲ. ಗೆಸೀನ. ಅವಳ ಬಾಯಿ ತೆರೆದಿತ್ತು, ಹಲ್ಲು ಕಾಣುತ್ತಿತ್ತು. ನಗುತ್ತಿದ್ದಳು. ಪಕ್ಕದ ಸೀಟಿನಲ್ಲಿದ್ದವರ ಮುಖವನ್ನು ಕಚೇರಿಯವರು ಎಂದಿನಂತೆ ಕಪ್ಪು ಬಳಿದು ಅಳಿಸಿದ್ದರು.

"ನೀನು ಆವತ್ತು ಬೊಡೆನ್‌ಫೆಲ್ಡೆ ಊರಲ್ಲಿ ಚಿಮಣಿ ನೋಡೋಕೆ ಹೋಗಿದ್ದೆ" ಎಂದಳು ರೋಸ್ವೀಟ.

"ಹೋಗಿರಲಿಲ್ಲ."

"ಈ ಕಪ್ಪು ಚೌಕದೊಳಗೆ ಇರೋದು ನೀನಾ?"

"ನಾನೇ."

ಸುಳ್ಳು ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. "ಎಲ್ಲಿಗೆ ಹೋಗಿದ್ರಿ?"

"ಗೊಟ್ಟಿಂಗನ್‌ಗೆ. ಒಂದು ಕೆಲಸ ಇತ್ತು."

"ಏನು ಕೆಲಸ?"

ಎಕಾರ್ಟ್ ಅವಳ ಕಡೆ ತಿರುಗಿದ. ಅವನ ದೃಷ್ಟಿ ಅವಳ ಮುಖದ ಮೇಲೆ ನಿಲ್ಲದೆ ಕಿವಿಯ ಪಕ್ಕದಿಂದ ಜಾರಿ ಹಿಂದಿನ ಕಿಟಕಿಗೆ ಹೋಯಿತು. ಇತ್ತೀಚೆಗೆ ಅವನು ಹೀಗೆಯೇ ಮಾತಾಡುತ್ತಿದ್ದ, ಮುಖ ಕೊಡದೆ. "ಸ್ವಲ್ಪ ದಿನ ಏನೂ ಕೇಳಬೇಡ, ರೋಸಿ. ನಾನೇ ಹೇಳ್ತೀನಿ" ಎಂದು ಎದ್ದು ಹೋದ.

ಆ ಹಾಳೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದಿಷ್ಟು ಅಚ್ಚಾಗಿತ್ತು. ಯಾರ ವಿರುದ್ಧ ಸಾಕ್ಷಿ ಹೇಳದಿರುವ ಹಕ್ಕು ಸಾಕ್ಷಿಗೆ ಇದೆ ಎಂಬ ವಿವರ ಅದು: ನಿಶ್ಚಿತಾರ್ಥವಾದವರು, ರಕ್ತಸಂಬಂಧಿಗಳು, ಗಂಡ ಅಥವಾ ಹೆಂಡತಿ, "ವಿವಾಹವು ಈಗ ಅಸ್ತಿತ್ವದಲ್ಲಿ ಇಲ್ಲದಿದ್ದರೂ ಸಹ." ರೋಸ್ವೀಟ ಆ ಕೊನೆಯ ಮಾತನ್ನು ನಿಂತಲ್ಲೇ ನಿಂತು ಮತ್ತೆ ಮತ್ತೆ ಓದಿದಳು. ಕೋರ್ಟು ಬೇರೆ ಮಾಡಿ, ಪಾತ್ರೆ ಪಡಗ ಹಂಚಿಕೊಂಡು, ಇನ್ನೊಬ್ಬಳನ್ನು ಮದುವೆಯಾಗಿ ಆರು ವರ್ಷ ಕಳೆದರೂ ಕಾಯಿದೆಯ ಲೆಕ್ಕದಲ್ಲಿ ಗೆಸೀನ ಇನ್ನೂ ಅವನ ಕಾವಲಿನಲ್ಲಿದ್ದಳು. ಅವಳಿಗಾಗಿ ಬಾಯಿ ಮುಚ್ಚಿಕೊಂಡಿರುವುದು ಅವನ ಹಕ್ಕು. ಸರ್ಕಾರವೇ ಅಚ್ಚು ಹಾಕಿಸಿ ಕಳಿಸಿದ ಹಕ್ಕು.

ಅವನು ಬಾಯಿ ಮುಚ್ಚಿಕೊಂಡೇ ಇದ್ದ. ಹಾಳೆಯನ್ನು ತುಂಬಲಿಲ್ಲ, ವಾಪಸು ಕಳಿಸಲಿಲ್ಲ. ಅವನ ಲೆಕ್ಕ ರೋಸ್ವೀಟಳಿಗೆ ಗೊತ್ತಿತ್ತು. ಈ ದೇಶದಲ್ಲಿ ಕಾರು ಓಡಿಸುವ ಯಾರಿಗಾದರೂ ಗೊತ್ತಿರುವ ಲೆಕ್ಕ ಅದು. ತಪ್ಪು ನಡೆದ ಮೂರು ತಿಂಗಳೊಳಗೆ ಓಡಿಸಿದವರು ಯಾರೆಂದು ಕಂಡುಹಿಡಿದು ಅವರ ಹೆಸರಿಗೇ ನೋಟಿಸು ಹೊರಡಿಸಬೇಕು. ಇಲ್ಲದಿದ್ದರೆ ಪ್ರಕರಣ ತೀರಿತು, ದಂಡವಿಲ್ಲ, ಲೈಸೆನ್ಸಿಗೂ ಏನೂ ಆಗುವುದಿಲ್ಲ. ಮಾಲೀಕನಿಗೆ ಬಂದ ಕಾಗದದಿಂದ ಓಡಿಸಿದವರ ಗಡುವು ನಿಲ್ಲುವುದಿಲ್ಲ. ಡಿಸೆಂಬರಿನ ನಡುವಿನವರೆಗೆ ಎಕಾರ್ಟ್ ಸುಮ್ಮನಿದ್ದರೆ ಗೆಸೀನ ಪಾರು. ಸಿಕ್ಕಿಬಿದ್ದರೆ ದಂಡದ ಜೊತೆಗೆ ಒಂದು ತಿಂಗಳು ಕಾರು ಮುಟ್ಟುವಂತಿಲ್ಲ. ಹಳ್ಳಿ ಹಳ್ಳಿ ಸುತ್ತುವ ಸೂಲಗಿತ್ತಿಗೆ ಅದು ಕೈಕಾಲು ಕಟ್ಟಿಹಾಕಿದ ಹಾಗೆ.

"ಹೆಸರು ಬರೆದು ಕಳಿಸು" ಎಂದಳು ರೋಸ್ವೀಟ ಒಂದು ಸಂಜೆ. ಬ್ರೆಡ್ಡು, ಚೀಸು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಮೇಜಿನ ಮೇಲಿತ್ತು. ಅವನು ಸೌತೆಕಾಯಿಗೆಂದು ಚುಚ್ಚಿದ ಫೋರ್ಕು ಪಕ್ಕದ ತಟ್ಟೆಗೆ ತಾಗಿತು. "ತಪ್ಪು ಮಾಡಿದವಳು ಅನುಭವಿಸಲಿ."

"ನನಗೋಸ್ಕರ ಓಡಿಸಿದಳು ಅವಳು. ನಾನು ಹೇಗೆ ಬರೀಲಿ?"

"ನಿನಗೋಸ್ಕರ! ಆಹಾ! ಅವಳಿಗೆ ಸ್ವಂತ ಕಾರಿಲ್ವಾ?"

"ಗ್ಯಾರೇಜಲ್ಲಿತ್ತು."

"ನಿನಗೆ ಕೈಯಿಲ್ವಾ ಓಡಿಸೋಕೆ?"

ಅವನು ಫೋರ್ಕು ಕೆಳಗಿಟ್ಟ.

ಒಮ್ಮೆ ಮನಸ್ಸಿನಲ್ಲಿ ಹೊಲಿಗೆ ಬಿದ್ದರೆ ಮುಗಿಯಿತು, ಬಟ್ಟೆ ಎಲ್ಲ ಆ ಕಡೆಗೇ ಎಳೆಯುತ್ತದೆ. ಅವನು ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು ಬಂದರೆ, ಎಲ್ಲಿ ಬಿಚ್ಚಿ ಅವಸರದಲ್ಲಿ ಹಾಕಿಕೊಂಡ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಬೆಳಗಿನ ಪೇಪರು ಓದುವುದನ್ನು ಬಿಟ್ಟ. ತಲೆ ಬೇರೆಲ್ಲೋ ಇದೆ ಎಂದುಕೊಂಡಳು. ಅಕ್ಟೋಬರಿನ ಕೊನೆಯ ಶುಕ್ರವಾರ ಮಧ್ಯಾಹ್ನ ಅವನು ಮಾಯವಾದ, ನವೆಂಬರಿನಲ್ಲೂ ಒಂದು ಶುಕ್ರವಾರ ಮಾಯವಾದ. ಎರಡು ಸಲವೂ ಎಡಗಣ್ಣು ಕೆಂಪಗೆ ಮಾಡಿಕೊಂಡು ಬಂದ.

"ಏನಾಯ್ತು ಕಣ್ಣಿಗೆ?"

"ಸಿಮೆಂಟಿನ ಧೂಳು."

ಅವಳಿಗಾಗಿ ಅತ್ತು ಬಂದಿದ್ದಾನೆ ಎಂದು ರೋಸ್ವೀಟ ತೀರ್ಮಾನಿಸಿದಳು. ಒಂದೇ ಕಣ್ಣಿನಲ್ಲಿ ಯಾರಾದರೂ ಅಳುತ್ತಾರೆಯೇ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಅವಳನ್ನು ಕಾಡಿದ್ದು ಆ ಫೋಟೊದ ನಗು. ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿರುವಾಗ, ಜಿಪ್ಪು ಬಿಚ್ಚುತ್ತಿರುವಾಗ, ಆ ತೆರೆದ ಬಾಯಿ ಕಣ್ಣ ಮುಂದೆ ಬರುತ್ತಿತ್ತು. ಎಕಾರ್ಟ್ ಏನು ಹೇಳಿದ್ದಕ್ಕೆ ಅಷ್ಟು ನಕ್ಕಳು? ತನ್ನನ್ನು ಅವನು ಹಾಗೆ ನಗಿಸಿ ಎಷ್ಟು ಕಾಲವಾಯಿತು? ಒಂದು ದಿನ ಅಂಗಡಿಯ ಬಾಗಿಲು ಹಾಕಿಕೊಂಡು ಜಿಲ್ಲಾ ಕಚೇರಿಗೆ ಫೋನು ಮಾಡಿದಳು. "ದಂಡ ವಿಭಾಗ, ಹೇಳಿ" ಎಂದಿತು ಒಂದು ಹೆಣ್ಣುದನಿ. ರೋಸ್ವೀಟ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು. "ಹೇಳಿ, ಕೇಳಿಸ್ತಿದೆ" ಎಂದಿತು ದನಿ. ಫೋನು ಇಟ್ಟುಬಿಟ್ಟಳು. ಚಾಡಿ ಹೇಳುವವಳಾಗಲು ಅವಳಿಗೆ ಮನಸ್ಸಿರಲಿಲ್ಲ. ಗೆಸೀನ ಪಾರಾಗುವುದನ್ನು ನೋಡಲೂ ಮನಸ್ಸಿರಲಿಲ್ಲ.

ಡಿಸೆಂಬರ್ ಬಂತು. ಮಾರುಕಟ್ಟೆ ಚೌಕದಲ್ಲಿ ಕ್ರಿಸ್ಮಸ್ ಅಂಗಡಿಗಳು ಎದ್ದವು, ಬಿಸಿ ವೈನಿನ ಲವಂಗದ ವಾಸನೆ ಹೊಲಿಗೆ ಅಂಗಡಿಯೊಳಗೂ ಬರತೊಡಗಿತು. ಗಡುವಿಗೆ ಇನ್ನೆರಡು ಮೂರು ದಿನ ಉಳಿದಿರುವಾಗ ಒಬ್ಬ ಎಳೆಯ ಪೊಲೀಸಿನವನು ಬಾಗಿಲ ಗಂಟೆ ಬಾರಿಸಿಕೊಂಡು ಒಳಗೆ ಬಂದ. ಹೊಸದಾಗಿ ವರ್ಗವಾಗಿ ಬಂದವನು, ಹೆಸರು ಟೋರ್ಬೆನ್. ಈ ಊರಿನಲ್ಲಿ ಹುಟ್ಟಿದವನಾಗಿದ್ದರೆ ಗೆಸೀನಳ ಮುಖ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರೋಸ್ವೀಟ ಒಂದು ಮದುವೆ ಗೌನಿನ ಅಂಚಿಗೆ ಪಿನ್ನು ಸಿಕ್ಕಿಸುತ್ತಿದ್ದಳು. ಬಾಯಲ್ಲಿ ನಾಲ್ಕೈದು ಪಿನ್ನು ಕಚ್ಚಿಕೊಂಡಿದ್ದಳು.

"ಫ್ರಾವ್ ಬೊಡೆ? ಎಕಾರ್ಟ್ ಬೊಡೆಯವರ ಹೆಂಡತಿ ನೀವೇನಾ?"

ಅವಳು ತಲೆಯಾಡಿಸಿದಳು.

"ಒಂದು ಸ್ಪೀಡಿನ ಕೇಸು. ನಿಮ್ಮ ಯಜಮಾನ್ರು ಉತ್ತರಾನೇ ಕೊಟ್ಟಿಲ್ಲ. ಸಾಮಾನ್ಯವಾಗಿ ಹೆಂಡ್ತೀನೇ ಓಡಿಸಿರ್ತಾರೆ, ಅದಕ್ಕೆ ನೋಡ್ಕೊಂಡು ಹೋಗೋಣ ಅಂತ ಬಂದೆ." ಅವನು ಚೀಲದಿಂದ ದೊಡ್ಡದು ಮಾಡಿಸಿದ ಫೋಟೊ ತೆಗೆದು, ದೀಪದ ಕೆಳಗೆ ಹಿಡಿದು, ಫೋಟೊವನ್ನೊಮ್ಮೆ ಅವಳನ್ನೊಮ್ಮೆ ನೋಡಿದ. ಕತ್ತು ಓರೆ ಮಾಡಿ ಮತ್ತೊಮ್ಮೆ ನೋಡಿದ. "ಇಲ್ಲ, ನೀವಲ್ಲ ಬಿಡಿ" ಎಂದ ಒಳ್ಳೆಯ ಮನಸ್ಸಿನಿಂದಲೇ. "ಇವರು ನಿಮಗಿಂತ ಚಿಕ್ಕವರು. ಒಂದೈದಾರು ವರ್ಷ ಆದ್ರೂ ಚಿಕ್ಕವರಿರಬೇಕು."

ಪಿನ್ನುಗಳೆಲ್ಲ ನೆಲಕ್ಕೆ ಬಿದ್ದವು.

"ಚಿಕ್ಕವಳಾ? ಆ ಗೆಸೀನ? ನನಗಿಂತ ಮೂರು ವರ್ಷ ದೊಡ್ಡವಳು ರೀ ಅವಳು!"

ಟೋರ್ಬೆನ್ ಜೇಬಿನಿಂದ ಪೆನ್ನು ತೆಗೆದ. "ಗೆಸೀನ, ಏನು?"

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಗೆಸೀನ ಎಂಬ ಹೆಸರಿನವರು ಜಿಲ್ಲೆಯಲ್ಲಿ ನೂರು ಜನ ಇರಬಹುದು. ಇನ್ನುಳಿದ ದಿನಗಳಲ್ಲಿ ಅವನು ಎಷ್ಟು ಜನರ ಮನೆ ತಟ್ಟಿಯಾನು. ಬಾಯಿ ತಪ್ಪಿ ಬಂತು ಎನ್ನಬಹುದಾದದ್ದು ಮೊದಲ ಹೆಸರು ಮಾತ್ರ ಎಂದು ರೋಸ್ವೀಟಳಿಗೆ ಆ ಕ್ಷಣವೇ ಗೊತ್ತಿತ್ತು.

"ಬೊಡೆ" ಎಂದಳು.

"ಓ, ನಿಮ್ಮ ಸಂಬಂಧಿಕರಾ?"

"ನನಗಲ್ಲ."

ಅವನು ಬರೆದುಕೊಂಡು, ಬಗ್ಗಿ ಪಿನ್ನುಗಳನ್ನು ಆರಿಸಿಕೊಟ್ಟು, ಹಬ್ಬದ ಶುಭಾಶಯ ಹೇಳಿ ಹೋದ. ಆಮೇಲೆ ಅರ್ಧ ಗಂಟೆಯವರೆಗೆ ರೋಸ್ವೀಟಳಿಗೆ ಹಗುರವಾಗಿತ್ತು, ಕಾಲಿಗೆ ಚುಚ್ಚುತ್ತಿದ್ದ ಮುಳ್ಳು ಕಿತ್ತ ಹಾಗೆ. ಅದಾದ ಮೇಲೆ ಗೌನಿನ ಅಂಚು ಎಷ್ಟು ಸಲ ಅಳೆದರೂ ಎರಡು ಕಡೆ ಸಮ ಬರಲಿಲ್ಲ.

ಸಂಜೆ ಎಕಾರ್ಟ್ ಕೋಟು ತೆಗೆಯುವ ಮೊದಲೇ ಹೇಳಿಬಿಟ್ಟಳು. "ಪೊಲೀಸ್ ಬಂದಿದ್ದ. ನಿನ್ನ ಗೆಸೀನಳ ಹೆಸರು ಕೊಟ್ಟೆ. ಈಗ ಬೈಯೋದಿದ್ರೆ ಬೈ."

ಅವನು ಬೈಯಲಿಲ್ಲ. ಕೋಟಿನಲ್ಲೇ ಕುರ್ಚಿಯ ಮೇಲೆ ಕೂತ. ಕೈಬೆರಳ ಸಂದಿಯಲ್ಲಿ ಒಣಗಿದ ಜೇಡಿಯನ್ನು ಉಜ್ಜಿ ಉಜ್ಜಿ ಉದುರಿಸಿದ. "ಸರಿ ಹಾಗಾದರೆ" ಎಂದ. "ಇನ್ನು ಮುಚ್ಚಿಟ್ಟು ಏನು ಬಂತು. ನನ್ನ ಎಡಗಣ್ಣು ಹೋಗ್ತಿದೆ, ರೋಸಿ."

"ಏನು?"

"ಕಣ್ಣಿನ ಹಿಂದೆ ಪೊರೆ ಇದೆಯಲ್ಲ, ಅದರಡಿ ನೀರು ತುಂಬ್ಕೊಳ್ತಿದೆ. ನೆಟ್ಟಗಿರೋ ಗೆರೆ ಬಗ್ಗಿ ಕಾಣುತ್ತೆ. ನೇರ ನೋಡಿದರೆ ನಡುವೆ ಮಸಿ ಮೆತ್ತಿದ ಹಾಗಿರುತ್ತೆ. ಪಕ್ಕದಿಂದ ನೋಡಿದರೆ ಒಂದಿಷ್ಟು ಕಾಣುತ್ತೆ. ತಿಂಗಳಿಗೊಂದು ಸೂಜಿ, ಕಣ್ಣಿಗೇ ಚುಚ್ತಾರೆ. ಆವತ್ತು ಕಾರು ಓಡಿಸೋ ಹಾಗಿಲ್ಲ."

ರೋಸ್ವೀಟಳಿಗೆ ಒಂದೊಂದೇ ನೆನಪಾಯಿತು. ಪಕ್ಕಕ್ಕೆ ಜಾರುವ ದೃಷ್ಟಿ, ಮೇಲೆ ಕೆಳಗಾದ ಗುಂಡಿ, ಓದದೆ ಬಿಟ್ಟ ಪೇಪರು, ತಟ್ಟೆಗೆ ತಾಗಿದ ಫೋರ್ಕು. ಒಂದೊಂದೂ ತನ್ನ ಕಣ್ಣೆದುರಿಗೇ ನಡೆದಿತ್ತು. ಕೂದಲೆಳೆಯಷ್ಟು ಹೊಲಿಗೆ ಸೊಟ್ಟಗಾದರೆ ಹಿಡಿಯುವವಳು ತಾನು, ಗಂಡನ ಕಣ್ಣು ಕೆಟ್ಟಿದ್ದನ್ನು ಹಿಡಿಯಲಿಲ್ಲ. ಅವಳ ಮರುಕ ಒಂದು ಗಳಿಗೆ ಉಳಿಯಿತು. ಅದರ ಬೆನ್ನಿಗೇ ಮತ್ತೊಂದು ಎದ್ದುಬಂತು.

"ಇದನ್ನ ಅವಳಿಗೆ ಹೇಳಿದೆ. ನನಗೆ ಹೇಳಲಿಲ್ಲ."

"ನಾನು ಹೇಳಲಿಲ್ಲ. ಅವಳೇ ಕಂಡುಹಿಡಿದಳು. ಒಬ್ಬ ಬಾಣಂತಿ ಮನೇಲಿ ನಾನು ಒಲೆ ಕಟ್ತಿದ್ದೆ, ಅವಳು ಮಗು ನೋಡೋಕೆ ಬಂದಿದ್ದಳು. ಹೆಂಚಿನ ಸಾಲು ಸೊಟ್ಟ ಬಂದಿದೆಯಲ್ಲೋ ಅಂದಳು. ನನಗೆ ನೆಟ್ಟಗೆ ಕಾಣ್ತಿತ್ತು."

"ಆಮೇಲಾದ್ರೂ ಹೇಳಬಹುದಿತ್ತಲ್ಲ! ಎರಡು ತಿಂಗಳು ನಾನು ಏನೇನು ಅಂದ್ಕೊಂಡೆ ಗೊತ್ತಾ? ನೀನು ಅವಳ ಹಾಸಿಗೇಲಿ ಇದ್ದೀಯ ಅಂತ ಅಂದ್ಕೊಂಡೆ."

"ಗೆಸೀನಳ ಹಾಸಿಗೇನಾ?" ಎಕಾರ್ಟನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಆಮೇಲೆ ಮೆಲ್ಲಗೆ ಹೇಳಿದ: "ನಾವಿಬ್ರೂ ಓಡಾಡೋಕೆ ಶುರು ಮಾಡಿದಾಗ ನೀನೇ ಹೇಳಿದ್ದೆ. ಹೈಕೊ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ, ನಾನೇ ಎತ್ತಿ ಇಳಿಸಿ ಮಾಡಿದ್ದೀನಿ, ಇನ್ನೊಬ್ಬ ಗಂಡಸಿನ ಆರೈಕೆ ಮಾಡೋ ಶಕ್ತಿ ನನಗಿಲ್ಲ, ಅಂಥದ್ದೇನಾದ್ರೂ ಇದ್ರೆ ಈಗಲೇ ಹೇಳು ಅಂದೆ. ನದಿ ದಂಡೇಲಿ. ನಾನು ಎದೆ ತಟ್ಟಿ, ಗಟ್ಟಿಯಾಗಿದ್ದೀನಿ ಅಂದಿದ್ದೆ."

ಹೈಕೊ ರೋಸ್ವೀಟಳ ಮೊದಲ ಗಂಡ. ಆ ಮಾತು ಆಡಿದ್ದು ಅವಳಿಗೆ ನೆನಪಿತ್ತು. ದಣಿದ ಹೆಂಗಸೊಬ್ಬಳು ಗಾಳಿಗೆ ಬಿಟ್ಟ ಮಾತು. ಅದನ್ನು ಇವನು ಕಾಯಿದೆಯ ಹಾಗೆ ಇಟ್ಟುಕೊಂಡಿದ್ದ.

ಆ ರಾತ್ರಿ ಮಲಗುವ ಮೊದಲು ರೋಸ್ವೀಟ ಕಣ್ಣಿಗೆ ಹಾಕುವ ಔಷಧಿಯ ಶೀಶೆ ಎಲ್ಲಿದೆ ಎಂದು ಕೇಳಿದಳು. ಕೆಲಸದ ವ್ಯಾನಿನಲ್ಲಿ, ಗಾರೆ ಕರಣೆಗಳ ನಡುವೆ ಬಚ್ಚಿಟ್ಟಿದ್ದ. ಅವಳೇ ಹೋಗಿ ತಂದಳು. ತೊಟ್ಟು ಬಿಡುವಾಗ ಅರ್ಧ ಕೆನ್ನೆಗೆ ಹೋಯಿತು. "ಗೆಸೀನ ಚೆನ್ನಾಗಿ ಬಿಡ್ತಾಳಾ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಳು.

ಜನವರಿಯಲ್ಲಿ, ದಂಡದ ಆದೇಶ ತರುವ ಹಳದಿ ಲಕೋಟೆಯನ್ನು ಕೈಯಲ್ಲಿ ಹಿಡಿದುಕೊಂಡು ಗೆಸೀನ ಹೊಲಿಗೆ ಅಂಗಡಿಗೇ ಬಂದಳು. ಅವಳು ಯಾರನ್ನೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ. ಅರ್ಧ ಊರು ಅವಳ ಮುಂದೆ ಬಟ್ಟೆಯಿಲ್ಲದೆ ಕೂಗಿಕೊಂಡಿತ್ತು.

"ನೀನು ಕೊಟ್ಟ ಉಡುಗೊರೆ" ಎಂದು ಲಕೋಟೆಯನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. "ಗಡುವು ಮುಗಿಯೋದಕ್ಕೆ ಒಂದು ದಿನ ಮುಂಚೆ ನನ್ನ ಹೆಸರಿಗೆ ಕಾಗದ ಹೊರಟಿತ್ತಂತೆ. ಒಂದೇ ಒಂದು ದಿನ! ನಾನು ಆಗಲೇ ಪಾರಾದೆ ಅಂತ ಒಂದು ಬಾಟಲಿ ತೆಗೆದಿದ್ದೆ."

ರೋಸ್ವೀಟ ಎದ್ದು ನಿಂತಳು. "ದಂಡ ನಾನು ಕಟ್ತೀನಿ, ಫ್ರಾವ್ ಬೊಡೆ."

"ದಂಡ ಯಾರಿಗೆ ಬೇಕು? ಜೋರಾಗಿ ಓಡಿಸಿದ್ದು ನಾನು, ನಾನೇ ಕಟ್ತೀನಿ. ಒಂದು ತಿಂಗಳು ಲೈಸೆನ್ಸು ಒಪ್ಪಿಸಬೇಕು, ಅದರ ವಿಷಯ ಮಾತಾಡು. ಮೊದಲನೇ ಸಲ ಆದ್ದರಿಂದ ತಿಂಗಳು ನಾವೇ ಆರಿಸ್ಕೋಬಹುದು. ಫೆಬ್ರವರಿ ಆರಿಸ್ಕೊಂಡಿದ್ದೀನಿ. ಇಪ್ಪತ್ತೆಂಟೇ ದಿನ." ಗೆಸೀನ ಕುರ್ಚಿ ಎಳೆದುಕೊಂಡು ಕೂತಳು. "ಆ ಇಪ್ಪತ್ತೆಂಟು ದಿನ ನನ್ನನ್ನ ಕೂರಿಸ್ಕೊಂಡು ಓಡಿಸೋದು ನೀನು."

"ನಾನಾ?"

"ಮತ್ತೆ? ನನ್ನ ಕಾಲು ಮುರಿದಿದ್ದು ನೀನು. ಊರುಗೋಲು ಬೇರೆಯವರಾಗಬೇಕಾ?"

ಬೇಡ ಎನ್ನಲು ರೋಸ್ವೀಟಳಿಗೆ ನೂರು ಕಾರಣವಿತ್ತು. ಆದರೆ ಬೇಡ ಎಂದರೆ ಈ ಹೆಂಗಸು ಎಕಾರ್ಟನನ್ನು ಕೇಳುತ್ತಾಳೆ, ಇಬ್ಬರೂ ಮತ್ತೆ ಒಂದೇ ಕಾರಿನಲ್ಲಿ ಕೂರುತ್ತಾರೆ ಎಂಬ ಒಂದು ಕಾರಣ ಆ ನೂರನ್ನೂ ಹೊಡೆದುಹಾಕಿತು. "ಆಗಲಿ" ಎಂದಳು. "ಒಂದು ಮಾತು ಕೇಳಬೇಕು. ಆ ಫೋಟೊದಲ್ಲಿ ನೀವು ನಗ್ತಿದ್ರಲ್ಲ. ಏನು ಹೇಳಿದ್ದ ಅವನು?"

"ನಗೋದಾ?" ಗೆಸೀನ ಹುಬ್ಬೇರಿಸಿದಳು. "ಬಾಯಿಗೆ ಬಂದ ಹಾಗೆ ಬೈತಿದ್ದೆ ಕಣೇ. ಅರ್ಧ ದಾರಿಗೆ ಹೋದ ಮೇಲೆ ಕಾರು ತಿರುಗಿಸು, ನಾನು ಬರಲ್ಲ, ಸೂಜಿ ಬೇಡ ಅಂತ ಮಗು ಥರ ಹಠ ಹಿಡಿದ. ಬಾಗಿಲಿಗೆ ಕೈ ಹಾಕಿದ. ಇನ್ನು ನಿಧಾನ ಮಾಡಿದ್ರೆ ಇಳಿದೇ ಬಿಡ್ತಾನೆ ಅಂತ ಆಕ್ಸಿಲರೇಟರ್ ಒತ್ತಿದೆ."

ಆ ನಗುವಿನ ಮೇಲೆ ರೋಸ್ವೀಟ ಕಟ್ಟಿದ್ದೆಲ್ಲ ಅಲ್ಲೇ ಕುಸಿಯಿತು. ಆದರೂ ಒಳಗೆ ಎಲ್ಲೋ ಚುರುಕ್ಕೆಂದಿತು. ಎಕಾರ್ಟ್ ಹೆದರಿ ಮಗುವಿನ ಹಾಗೆ ಆದದ್ದನ್ನು ಅವಳು ನೋಡಿರಲೇ ಇಲ್ಲ. ಅವಳ ಮುಂದೆ ಅವನು ಯಾವಾಗಲೂ ಗಟ್ಟಿ ಮನುಷ್ಯ.

ಫೆಬ್ರವರಿಯಲ್ಲಿ ರಸ್ತೆಗಳು ಹೆಪ್ಪುಗಟ್ಟಿದ್ದವು. ರೋಸ್ವೀಟ ಅಂಗಡಿಯನ್ನು ಮಧ್ಯಾಹ್ನದವರೆಗೆ ಮಾತ್ರ ತೆರೆದು, ಆಮೇಲೆ ಗೆಸೀನಳನ್ನು ಕೂರಿಸಿಕೊಂಡು ಬೆಟ್ಟದ ಹಳ್ಳಿಗಳಿಗೆ ಓಡಿಸಿದಳು. ಗೆಸೀನ ಕೈಚೀಲ ತೊಡೆಯ ಮೇಲಿಟ್ಟುಕೊಂಡು, "ಒತ್ತೇ ಸ್ವಲ್ಪ, ಮಗು ಕಾಲೇಜಿಗೆ ಹೋಗೋ ಹೊತ್ತಿಗೆ ತಲುಪ್ತೀವಿ" ಎಂದು ಗೊಣಗುತ್ತಿದ್ದಳು. ರೋಸ್ವೀಟ ಮಿತಿಯ ಮೇಲೆ ಒಂದು ಕೂದಲೂ ಹೋಗುತ್ತಿರಲಿಲ್ಲ. ಗೆಸೀನ ಒಳಗೆ ಬಾಣಂತಿಯನ್ನು ನೋಡುತ್ತಿದ್ದಾಗ ಇವಳು ಕಾರಿನಲ್ಲಿ ಕಾಯುತ್ತಿದ್ದಳು. ಆ ಮನೆಗಳವರು ಅವಳಿಗೂ ಕಾಫಿ ತಂದುಕೊಡುತ್ತಿದ್ದರು, ಬಾದಾಮಿ ಉದುರಿಸಿದ ಬೆಣ್ಣೆ ಕೇಕಿನ ತುಂಡು ಕೊಡುತ್ತಿದ್ದರು. ಬಾಗಿಲಲ್ಲಿ ಗೆಸೀನಳನ್ನು ಅವರು ತಬ್ಬಿಕೊಳ್ಳುವುದನ್ನು ನೋಡಿ ಅವಳಿಗೆ ಹೊಸದೊಂದು ಹೊಟ್ಟೆಕಿಚ್ಚು ಹುಟ್ಟಿತು. ಇದರಲ್ಲಿ ಎಕಾರ್ಟನ ಸುದ್ದಿಯೇ ಇರಲಿಲ್ಲ. ತನ್ನನ್ನು ಯಾರೂ ಪ್ಯಾಂಟಿನ ಜಿಪ್ಪಿಗಾಗಿ ತಬ್ಬಿಕೊಂಡಿರಲಿಲ್ಲ.

ಮೂರನೇ ವಾರ ಎಕಾರ್ಟನ ಸೂಜಿಯ ದಿನ ಬಂತು. ಗೊಟ್ಟಿಂಗನ್ನಿನಲ್ಲಿ ಗೆಸೀನಳಿಗೂ ಔಷಧಿ ತರುವುದಿತ್ತು. ಮೂವರೂ ಒಂದೇ ಕಾರಿನಲ್ಲಿ ಹೊರಟರು. ಮುಂದಿನ ಸೀಟಿನ ಬಾಗಿಲ ಬಳಿ ಎಕಾರ್ಟ್ ಮತ್ತು ಗೆಸೀನ ಇಬ್ಬರೂ ನಿಂತರು.

"ನೀನು ಕೂರು" ಎಂದ ಅವನು.

"ನೀನು ಕೂರೋ, ರೋಗಿ ನೀನು" ಎಂದಳು ಅವಳು.

"ಗೆಸೀನ ಹಿಂದೆ" ಎಂದಳು ರೋಸ್ವೀಟ, ತಿರುಗಿ ನೋಡದೆ. ಗೆಸೀನ ನಗುತ್ತಾ ಹಿಂದೆ ಹತ್ತಿದಳು.

ಬೆಟ್ಟ ಇಳಿಯುತ್ತಿದ್ದಂತೆ ಎಕಾರ್ಟ್ ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನ ಬೆರಳುಗಳು ಬೆಲ್ಟಿನ ಪಟ್ಟಿಯನ್ನು ಮಡಿಸುತ್ತಿದ್ದವು, ಬಿಚ್ಚುತ್ತಿದ್ದವು. ಅವನು ಹೆದರಿದ್ದಾನೆ ಎಂದು ರೋಸ್ವೀಟಳಿಗೆ ಅರ್ಥವಾಯಿತು. ಹಿಂದಿನಿಂದ ಗೆಸೀನ ಏನೋ ಹೇಳಲು ಬಾಯಿ ತೆರೆದಳು. ಕನ್ನಡಿಯಲ್ಲಿ ರೋಸ್ವೀಟ ಅವಳನ್ನು ನೋಡಿದಳು, ಕಣ್ಣಲ್ಲೇ ಬೇಡವೆಂದಳು. ಗೆಸೀನ ಬಾಯಿ ಮುಚ್ಚಿದಳು.

"ತುಂಬಾ ನೋಯುತ್ತಾ?" ಎಂದು ರೋಸ್ವೀಟ ಕೇಳಿದಳು.

"ನೋವಲ್ಲ" ಎಂದ ಎಕಾರ್ಟ್. "ಸೂಜಿ ಬರೋದು ಕಾಣುತ್ತೆ."

ಅವಳು ಒಂದು ಕೈ ಚಾಚಿ ಅವನ ಬೆರಳುಗಳನ್ನು ಹಿಡಿದಳು. ಇಳಿಜಾರಿನಲ್ಲಿ ಕಾರು ಆಮೆಯ ಹಾಗೆ ಸಾಗಿತು. ಹಿಂದೆ ಒಂದು ಲಾರಿ ಹಾರ್ನು ಹೊಡೆಯಿತು. ಈ ಸಲ ಗೆಸೀನ ಒತ್ತು ಎನ್ನಲಿಲ್ಲ.

ಮಾರ್ಚ್ ಒಂದಕ್ಕೆ ಗೆಸೀನಳಿಗೆ ಲೈಸೆನ್ಸು ವಾಪಸು ಬಂತು. ಅಂದೇ ಅವಳ ಕಾರು ಹೊಲಿಗೆ ಅಂಗಡಿಯ ಮುಂದೆ ಸುಂಯ್ಯನೆ ಹಾದುಹೋಯಿತು. ರೋಸ್ವೀಟಳಿಗೆ ನಿರಾಳವಾಯಿತು. ಸಂಜೆಗಳು ಸ್ವಲ್ಪ ಖಾಲಿ ಎನಿಸಿದ್ದೂ ನಿಜ, ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಗೆಳತಿಯರಾದರು ಎಂದು ಹೇಳುವ ಹಾಗೇನೂ ಇರಲಿಲ್ಲ. ಎಕಾರ್ಟನ ಹುಟ್ಟುಹಬ್ಬಕ್ಕೆ ಗೆಸೀನ ಫೋನು ಮಾಡಿದಾಗ ರೋಸ್ವೀಟ ಈಗಲೂ ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಟ್ಟಳು. ಅವನು ನಕ್ಕರೆ ಯಾಕೆ ನಕ್ಕೆ ಎಂದು ಈಗ ನೇರವಾಗಿ ಕೇಳುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಸೂಜಿಯಿಂದ ಎಡಗಣ್ಣು ಗುಣವಾಗಲಿಲ್ಲ, ಇನ್ನಷ್ಟು ಕೆಡಲೂ ಇಲ್ಲ. ಎಕಾರ್ಟ್ ಒಂದೇ ಕಣ್ಣಿನಲ್ಲಿ ಒಲೆ ಕಟ್ಟುವುದನ್ನು ಕಲಿತ. ಹೆಂಚಿನ ಸಾಲಿಗೆ ದಾರ ಕಟ್ಟಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಬೇಸಿಗೆ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ರೋಸ್ವೀಟ ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದಳು, ಅವನು ಎದುರಿಗೆ ಕೂತು ಮೇಜುಬಟ್ಟೆಯ ಚೌಕಳಿಗಳನ್ನು ನೋಡುತ್ತಿದ್ದ. ಎಡಗಣ್ಣು ಮುಚ್ಚಿ ನೋಡಿದ. ತೆರೆದು ನೋಡಿದ. ಮತ್ತೆ ಮುಚ್ಚಿದ.

"ರೋಸಿ" ಎಂದ. "ಬಲಗಣ್ಣಲ್ಲೂ ಗೆರೆ ಬಗ್ಗಿದೆ."

ಅವಳ ಕೈ ನಿಂತಿತು. ಹೆದರಿಕೆಯ ಜೊತೆಗೇ ಒಂದು ಪ್ರಶ್ನೆ ಮೇಲೆ ಬಂತು. ತಡೆಯಲು ನೋಡಿದಳು, ಆಗಲಿಲ್ಲ. "ಗೆಸೀನಳಿಗೆ ಹೇಳಿದ್ಯಾ?"

"ಇಲ್ಲ. ಈಗ ತಾನೇ ನೋಡಿದ್ದು. ನಿನಗೇ ಮೊದಲು."

ನಿನಗೇ ಮೊದಲು. ಆ ಮಾತಿಗೆ ರೋಸ್ವೀಟಳ ಒಳಗೆ ಸಂತೋಷ ಉಕ್ಕಿತು. ಇಂಥ ಸುದ್ದಿಗೆ ಸಂತೋಷ! ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಅದು ಇಳಿಯಲಿಲ್ಲ. ಅವನ ಎರಡೂ ಕಣ್ಣಿಗೆ ತನ್ನ ಮುಖ ಸರಿಯಾಗಿ ಕಾಣದಿದ್ದದ್ದು ಆ ಕ್ಷಣ ಒಳ್ಳೆಯದೇ ಆಯಿತು. ಪ್ಲಮ್ ರಸ ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಎದ್ದು ಅವನ ಪಕ್ಕಕ್ಕೆ ಬಂದಳು.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ" ಎಂದಳು. "ನಾನೇ ಓಡಿಸ್ತೀನಿ."

"ನಿಧಾನಕ್ಕೆ ಓಡಿಸು" ಎಂದ ಎಕಾರ್ಟ್. "ನನಗೇನೂ ಅವಸರ ಇಲ್ಲ."